ಪಂಚೆಯ ಅಂಚಿನ ಶಾಯಿ

ಅರವತ್ತರ ದಶಕದಲ್ಲಿ, ಯಶವಂತಪುರದ ನಮ್ಮ ಪಕ್ಕದ ಮನೆಯ ಯಜಮಾನರು ಮಿಲ್ಲಿನ ಕೆಲಸಗಾರರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಯಾರೇ ಬರಲಿ, "ಮೊದ್ಲು ಓದಿಸ್ಕೋ, ಆಮೇಲೆ ಹೆಬ್ಬೆಟ್ಟು ಒತ್ತು" ಅನ್ನುತ್ತಿದ್ದರು. ಅವರ ಬಿಳಿ ಪಂಚೆಯ ಅಂಚು ಸದಾ ನೀಲಿ. ಪೆನ್ನು ಸೋರುತ್ತದೆಂದೇ ನಾನು ತಿಳಿದಿದ್ದೆ.

ಒಂದು ಬೆಳಿಗ್ಗೆ ಮಾಕಳಿ ಹಳ್ಳಿಯ ಮಿಲ್ಲಿನ ಕೆಲಸಗಾರನೊಬ್ಬ ಇಂಗ್ಲಿಷ್ ಕಾಗದ ಹಿಡಿದು ಅವರ ಜಗಲಿ ಹತ್ತಿದ.

"ಎಂಡ್ತಿ ಬಾಣಂತನಕ್ಕೆ ರಜಾ ಕೇಳ್ದೆ ಸ್ವಾಮಿ. ಮೇಸ್ತ್ರಿ ಇದ್ನ ಕೊಟ್ರು. ಎಲ್ಲಿ ಒತ್ಲಿ?"

ಅವರು ಓದಿ ಮುಗಿಸುವಷ್ಟರಲ್ಲಿ ಅವನು ಮೇಜಿನ ಮೇಲಿದ್ದ ಶಾಯಿಗೆ ಹೆಬ್ಬೆಟ್ಟು ಅದ್ದಿಯಾಗಿತ್ತು.

"ತಡಿಯೋ! ನಾನಾಗೇ ಕೆಲ್ಸ ಬಿಡ್ತೀನಿ ಅಂತ ಬರೆದವ್ರೆ ಕಣೋ ಇದ್ರಲ್ಲಿ."

ಅವನ ಕೈ ಎಳೆದು, ಹೆಬ್ಬೆಟ್ಟನ್ನು ತಮ್ಮ ಪಂಚೆಯ ಅಂಚಿಗೇ ತಿಕ್ಕಿ ಒರೆಸಿದರು. ಆಮೇಲೆ ಕನ್ನಡದಲ್ಲಿ ರಜಾ ಅರ್ಜಿ ಬರೆದು, ಎರಡು ಸಲ ಓದಿ ಹೇಳಿ, ಶಾಯಿಯನ್ನು ಅವನ ಮುಂದೆ ಸರಿಸಿದರು.

"ಈಗ ಒತ್ತು."