ಕೊನೆಯ ಕಂತು ಹೆಚ್ಚೈತಿ

ಬೆಳಿಗ್ಗೆ ಹಡಗಲಿ ಬಸ್ಸಿನ ಕಂಡಕ್ಟರು ಒದ್ದೆ ಬಾಳೆಎಲೆಯ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, "ನಿಮ್ಮ ಚಿಗವ್ವ ಕೊಟ್ಟಾರ್ರಿ" ಎಂದರು. ಬಿಚ್ಚುವ ಮೊದಲೇ ಕೂಡ್ಲಿಗಿ ಬಸ್‌ಸ್ಟ್ಯಾಂಡೆಲ್ಲ ಮಲ್ಲಿಗೆ. ಹಬ್ಬವಿಲ್ಲ, ಮದುವೆಯಿಲ್ಲ, ಇಷ್ಟು ಹೂವು ಯಾಕೆಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ, ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗುತ್ತಿಲ್ಲ.

ನಮ್ಮ ಚಿಗವ್ವನ ಬಾಯಲ್ಲಿ 'ಮುಗೀತು' ಎಂಬ ಮಾತು ಬರುವುದಿಲ್ಲ. ಜೋಳ ತೀರಿದರೆ 'ಹೆಚ್ಚೈತಿ', ಬಳೆ ಒಡೆದರೆ 'ಹೆಚ್ಯಾವ'. ಇಲ್ಲ ಎಂದರೆ ಇಲ್ಲವೇ ಆಗಿಬಿಡುತ್ತದಂತೆ. ಗಡಿಗೆಯ ತಳದಲ್ಲಿ ಒಂದು ಹಿಡಿ ಕಾಳು ಬಿಟ್ಟೇ ಹೊಸದನ್ನು ಸುರಿಯುತ್ತಾಳೆ; ಆ ಹಿಡಿ ಮುಂದಿನದನ್ನು ಕರೆಯುತ್ತದಂತೆ. ಕನ್ನಡ ಮಾಸ್ತರನಾದ ನಾನು ಒಮ್ಮೆ ಅವಳನ್ನು ತಿದ್ದಲು ಹೋಗಿ ಬೈಸಿಕೊಂಡೆ. "ನಿನ್ನ ಶುದ್ಧ ಕನ್ನಡ ನಿನ್ನ ಸಾಲ್ಯಾಗ ಇಟಗಾ. ನನ್ನ ಗಡಿಗಿ ಖಾಲಿ ಮಾಡಬ್ಯಾಡ."

ಅವಳ ಮಗಳು ಶಾಂತಾ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವಳು. ವರ್ಷಗಟ್ಟಲೆ ಕಸಬರಿಗೆ ಹಿಡಿದು ಬಂದು ಹೋಗುವ ಪಾತ್ರಗಳೇ. ಕೆಲವು ವರ್ಷಗಳ ಕೆಳಗೆ ಮೊಬೈಲಿನಲ್ಲಿ ಬರುವ ವೆಬ್ ಸರಣಿಯೊಂದರಲ್ಲಿ ಕಿರಾಣಿ ಅಂಗಡಿಯವಳ ಪಾತ್ರ ಸಿಕ್ಕಿತು. ಮಾತೂ ನಮ್ಮ ಕಡೆಯದೇ. ಮೊದಲೆಲ್ಲ ಪೊಟ್ಟಣ ಕಟ್ಟುವುದಷ್ಟೇ ಅವಳ ಕೆಲಸ. ಕೊನೆಯ ಕಂತಿನಲ್ಲಿ ಮಾತ್ರ ಊರ ಸಾಹುಕಾರನಿಗೆ ಎದುರಾಗಿ ನಿಲ್ಲುತ್ತಾಳೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಎರಡನೇ ಸೀಸನ್ ಬಂದರೆ ಅವಳೇ ನಾಯಕಿ.

ಬರುವ ಹಾಗಿರಲಿಲ್ಲ. ಒಂದು ದಿನ ಶಾಂತಾ ಫೋನು ಮಾಡಿ ಅತ್ತಳು. "ಅಣ್ಣಾ, ಮಂದಿ ನೋಡ್ತಾರಂತ, ಕಡೀದು ಮಾತ್ರ ನೋಡವಲ್ರಂತ. ಪೂರಾ ನೋಡದಿದ್ರ ಮುಂದಿಂದು ತಗಿಯಂಗಿಲ್ಲ ಅಂತಾರ."

ಹಡಗಲಿಗೆ ಹೋದೆ. ಚಿಗವ್ವನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಮೊಗ್ಗಿನ ರಾಶಿಯ ಸುತ್ತ ಕೂತು ಹೂ ಕಟ್ಟುತ್ತಿದ್ದರು. ಗೋಡೆಗೆ ಒರಗಿಸಿದ ಮೊಬೈಲಿನಲ್ಲಿ ಅದೇ ಸರಣಿ, ಮತ್ತೆ ಮೊದಲಿನಿಂದ.

"ಕಡೀದು ನೋಡಿದ್ಯಾ ಚಿಗವ್ವಾ?"

"ಬಿಟ್ಟೇವಪಾ! ಯಾರೂ ಮುಟ್ಟಬ್ಯಾಡ್ರಿ ಅಂತ ಕೊಟ್ಟೂರು, ಹರಪನಹಳ್ಳಿ ಬೀಗರಿಗೂ ಹೇಳೇನಿ. ಅದೊಂದು ಉಳಿದ್ರ ಮುಂದಿಂದು ಬರತೈತಿ."

ಮಗಳಿಗೆ ಒಳ್ಳೆಯದಾಗಲೆಂದು, ಮಗಳ ಅತಿ ದೊಡ್ಡ ದೃಶ್ಯವನ್ನೇ ನೋಡದೆ ಕೂತಿದ್ದಳು ತಾಯಿ. ನನಗೆ ನಗು ಬಂತು, ಕಣ್ಣೂ ತುಂಬಿತು. ಯಾರು ಎಲ್ಲಿಗೆ ಬಿಟ್ಟರೆಂದು ಆ ಕಂಪನಿಯವರು ನೋಡುತ್ತಾರೆ, ಬಿಟ್ಟರೆ ರುಚಿಸಲಿಲ್ಲ ಎಂದುಕೊಳ್ಳುತ್ತಾರೆ ಎಂದು ವಿವರಿಸಿದೆ.

ಹೂ ಕಟ್ಟುತ್ತಿದ್ದ ಅವಳ ಕೈ ನಿಂತಿತು. "ಅಂದ್ರ ಉಂಡ ಗಂಗಾಳದಾಗ ಅನ್ನ ಬಿಟ್ಟು ಎದ್ದಂಗಾತಲ್ಲೋ! ಗಡಿಗ್ಯಾಗ ಬಿಡಬೇಕು, ಗಂಗಾಳದಾಗ ಬಿಡಬಾರ್ದು. ಮೊದ್ಲ ಹೇಳಾಕ ನಿನಗೇನಾಗಿತ್ತು?" ತಪ್ಪು ನನ್ನ ತಲೆಗೇ ಬಂತು, ಅಭ್ಯಾಸವಿದೆ.

ಆಗಲೇ ಕೊನೆಯ ಕಂತು ಹಚ್ಚಿದರು. ಶಾಂತಾ ತಕ್ಕಡಿ ಹಿಡಿದು ಸಾಹುಕಾರನ ಮುಂದೆ ನಿಂತಾಗ ಪಡಸಾಲೆಯಲ್ಲಿ ಒಬ್ಬರೂ ಹೂ ಕಟ್ಟಲಿಲ್ಲ. ಆಮೇಲೆ ಚಿಗವ್ವ ಫೋನು ಹಿಡಿದಳು ನೋಡಿ! ಉಜ್ಜಿನಿ, ಕಾನಹೊಸಹಳ್ಳಿ, ಹಗರಿಬೊಮ್ಮನಹಳ್ಳಿ, ನೆಂಟರಿದ್ದಲ್ಲೆಲ್ಲ ಒಂದೇ ಆಜ್ಞೆ: "ಗಂಗಾಳ ಖಾಲಿ ಮಾಡ್ರಿ!" ನಾಲ್ಕು ಮನೆಯಿಂದ ಏನಾದೀತು ಎಂದು ನಾನು ಗೊಣಗಿದೆ. "ಹನಿ ಹನಿ ಕೂಡಿದ್ರ ಹಳ್ಳ. ಹುಡುಗರಿಗೆ ಏನು ಕಲಸ್ತೀಯೋ ನೀನು?" ಎಂದಳು.

ಎರಡನೇ ಸೀಸನ್ ಬಂದೇ ಬಂತು! ನಮ್ಮಿಂದಲೇ ಬಂತೇ ಎಂದರೆ, ದೇವರೇ ಬಲ್ಲ. ಆ ಪ್ರಶ್ನೆಯನ್ನು ಹಡಗಲಿಯಲ್ಲಿ ಎತ್ತುವ ಧೈರ್ಯ ನನಗಿಲ್ಲ.

ನಿನ್ನೆ ಸಂಜೆ ಕೂಡ್ಲಿಗಿಯ ನಮ್ಮ ಮನೆಯಲ್ಲಿ ನಾನೂ ಹೆಂಡತಿಯೂ ಅದರ ಮೊದಲ ಕಂತು ನೋಡಿದೆವು. ಸಾಹುಕಾರನ ಆಳು ಅಂಗಡಿಗೆ ಬಂದು ಸಕ್ಕರೆ ಕೇಳುತ್ತಾನೆ. ಶಾಂತಾ ಖಾಲಿ ಡಬ್ಬಿಯ ಮುಚ್ಚಳ ಹಾಕಿ, ಥೇಟ್ ಅವರವ್ವನ ಹಾಗೆ ಕತ್ತು ಕೊಂಕಿಸಿ, "ಸಕ್ಕರಿ ಹೆಚ್ಚೈತಿ, ನಾಳಿ ಬರ್ರಿ" ಎನ್ನುತ್ತಾಳೆ. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ನಾನು ತಿದ್ದಲು ಹೋಗಿದ್ದ ಮಾತನ್ನು ನಾಡೆಲ್ಲ ಕೇಳಿತು.

ಅದಕ್ಕೇ ಈ ಹೂವು. ಪೊಟ್ಟಣ ಹಿಡಿದು ಮನೆಗೆ ಬಂದರೆ ಹೆಂಡತಿ ಒಳಗಿನಿಂದ, "ಚಾ ಇಲ್ರಿ, ಸಕ್ಕರಿ ಮುಗದೈತಿ" ಎಂದಳು.

"ಮುಗದೈತಿ ಅನಬಾರ್ದು, ಹೆಚ್ಚೈತಿ ಅನ್ನು" ಎಂದು ತಿದ್ದಿ, ಚೀಲ ಹಿಡಿದು ಅಂಗಡಿಗೆ ಹೊರಟೆ.