ಜೌಗಿಲ್ಲವೆಂದು ಬರೆದ ಹುಲ್ಲುಗಾವಲು

ಜರ್ಮನಿಗೆ ಬಂದ ಎರಡನೆಯ ವರ್ಷ ಒಬ್ಬ ಹಿರಿಯರ ಎದುರು ನಿಂತು, ನನಗೆ ಜರ್ಮನ್ ಅರ್ಥವಾಗುವುದಿಲ್ಲ ಎಂದು ಸುಳ್ಳು ಹೇಳಿದೆ. ಅವರು ಹೇಳಿದ್ದೆಲ್ಲ ನನಗೆ ಅರ್ಥವಾಗಿತ್ತು. ಅದರಲ್ಲಿ ಅಂಥ ದೊಡ್ಡ ತಪ್ಪೇನಿದೆ ಎಂದು ನನ್ನ ಗಂಡ ಈಗಲೂ ಕೇಳುತ್ತಾನೆ. ಅವನಿಗೆ ವಿವರಿಸಿ ಹೇಳಲು ಹೋದಾಗಲೆಲ್ಲ ನನ್ನ ಮುಖ ಬಿಸಿಯಾಗುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ.

ಗಂಡನಿಗೆ ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯಲ್ಲಿ ಕೆಲಸ. ನಾನು ಉಡುಪಿ ಕಡೆಯವಳು, ಸಿವಿಲ್ ಎಂಜಿನಿಯರಿಂಗ್ ಓದಿದವಳು. ಗಂಡನ ಕಾರ್ಖಾನೆಯಿಂದ ಅರ್ಧ ಗಂಟೆ ರೈಲಿನ ದೂರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಒಟ್ಟು ಏಳು ಜನ. ಒಡತಿಗೆ ಅರವತ್ತರ ಹತ್ತಿರದ ವಯಸ್ಸು. ಮಾತು ಕಡಿಮೆ. ನಾವು ಬರೆದ ಪ್ರತಿ ಹಾಳೆಯ ಅಂಚಿನಲ್ಲೂ ಪೆನ್ಸಿಲ್‌ನಿಂದ ಸಣ್ಣ ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿ ವಾಪಸು ಕೊಡುತ್ತಿದ್ದರು. ನಮ್ಮ ಕೆಲಸ ತೊರೆಗಳಿಗೆ ಸಂಬಂಧಿಸಿದ್ದು. ಯಾವುದೋ ಹಳ್ಳಿಯವರು ತೊರೆಯ ಮೇಲೊಂದು ಕಾಲುಸೇತುವೆ ಹಾಕಬೇಕು, ಹಳೆಯ ಮೋರಿ ತೆಗೆದು ಹೊಸ ಪೈಪು ಕೂರಿಸಬೇಕು, ಕೇಬಲ್ ದಾಟಿಸಬೇಕು ಎಂದರೆ ಅದಕ್ಕೆ ಬೇಕಾದ ಕಾಗದಗಳನ್ನು ನಾವು ತಯಾರಿಸಿ ಜಿಲ್ಲೆಯ ಜಲ ಇಲಾಖೆಗೆ ಸಲ್ಲಿಸುತ್ತಿದ್ದೆವು.

ನಮ್ಮೂರಿನಲ್ಲಿ ಬೇಸಿಗೆಗೆ ಮೊದಲು ಗದ್ದೆ ಬದಿಯ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕಲು ಯಾರೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಆಚೆ ಈಚೆ ಗದ್ದೆಯವರು ಹತ್ತು ಜನ ಸೇರಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಇಲ್ಲಿ ಮೊಣಕಾಲು ಆಳದ ತೊರೆಯಲ್ಲಿ ನಾಲ್ಕು ಕಲ್ಲು ಆಚೀಚೆ ಮಾಡಬೇಕಾದರೂ ಒಂದು ಕಡತ. ಆದರೆ ಬಹಳ ಸಣ್ಣ ಕೆಲಸಗಳಿಗೆ ಒಂದು ಅನುಕೂಲವಿತ್ತು. ಜಿಲ್ಲೆಯವರು ಮೊದಲೇ ಎಲ್ಲರಿಗೂ ಸೇರಿಸಿ ಒಂದು ಸಾಮಾನ್ಯ ಅನುಮತಿ ಹೊರಡಿಸಿದ್ದರು. ಪೈಪು ಇಷ್ಟು ಉದ್ದಕ್ಕಿಂತ ಕಡಿಮೆಯಿದ್ದು, ಹತ್ತಿರದಲ್ಲಿ ಜೌಗು ನೆಲ ಇಲ್ಲದಿದ್ದರೆ ಬೇರೆ ಅರ್ಜಿ ಬೇಡ. ಹೀಗೆ ಮಾಡುತ್ತಿದ್ದೇವೆ ಎಂದು ತಿಳಿಸಿ, ಕೆಲವು ವಾರ ಕಾದು, ಕೆಲಸ ಶುರು ಮಾಡಬಹುದು. ಕೆಲವು ವರ್ಷಗಳಿಗೊಮ್ಮೆ ಈ ಅನುಮತಿಯನ್ನು ಪರಿಷ್ಕರಿಸುತ್ತಿದ್ದರು.

ನಾನು ಸೇರಿದ ಮರುವರ್ಷ ಅಂಥ ಪರಿಷ್ಕರಣೆ ಬಂತು. ಹಳೆಯ ನಿಯಮದ ಪ್ರಕಾರ ಸರಕಾರದ ನಕ್ಷೆಯಲ್ಲಿ ಗುರುತು ಮಾಡಿದ ಜೌಗು ಮಾತ್ರ ಜೌಗು. ಹೊಸ ನಿಯಮದಲ್ಲಿ ನಕ್ಷೆಯಲ್ಲಿಲ್ಲದ ಒರತೆ, ಒದ್ದೆ ಹುಲ್ಲುಗಾವಲುಗಳೂ ಲೆಕ್ಕಕ್ಕೆ ಬರುತ್ತಿದ್ದವು. ವಸಂತದಲ್ಲಿ ಯಾರಾದರೂ ಕಾಲಿಟ್ಟು ನಡೆದು ನೋಡಿ ಬರಬೇಕಿತ್ತು. ಅದು ಜಾರಿಗೆ ಬರುವುದು ಜನವರಿಯಿಂದ. ನಮ್ಮ ಕಚೇರಿಯ ನಮೂನೆಗಳನ್ನೆಲ್ಲ ಹೊಸ ನಿಯಮಕ್ಕೆ ಹೊಂದಿಸುವ ಕೆಲಸವನ್ನು ಒಡತಿ ನನಗೆ ಕೊಟ್ಟರು. ಬರೆಯುವ ಜರ್ಮನ್ ನನಗೆ ಚೆನ್ನಾಗಿಯೇ ಬರುತ್ತಿತ್ತು. ಮಾತಾಡುವುದಕ್ಕೆ ನಾಚಿಕೆಯಿತ್ತು, ಅಷ್ಟೆ.

ಅದೇ ಸೆಪ್ಟೆಂಬರಿನಲ್ಲಿ ಒಂದು ಹಳ್ಳಿಯ ಮೋರಿಯ ಕಡತ ನನ್ನ ಮೇಜಿಗೆ ಬಂತು. ಸೈಕಲ್ ದಾರಿಯೊಂದು ತೊರೆಯನ್ನು ದಾಟುವಲ್ಲಿ ಹಳೆಯ ಮೋರಿ ಕುಸಿದಿತ್ತು. ಹೊಸ ಪೈಪು ಹಾಕಬೇಕು, ಪಕ್ಕದಲ್ಲಿ ನೀರು ಹರಿದುಹೋಗಲು ಒಂದು ಚರಂಡಿ ತೋಡಬೇಕು.

"ಇದನ್ನು ಹಳೆಯ ನಿಯಮದಲ್ಲೇ ಕಳಿಸಬಹುದು ಅನಿಸುತ್ತದೆ," ಎಂದರು ಒಡತಿ. "ನೀವು ಹೋಗಿ ಜಾಗ ನೋಡಿ ಬನ್ನಿ. ಸರಿಯಿದ್ದರೆ ಈ ತಿಂಗಳೇ ಕಳಿಸೋಣ."

ಸರಿಯಿದ್ದರೆ ಎಂದು ಅವರು ಹೇಳಿದ್ದರು. ಈ ತಿಂಗಳೇ ಎಂಬುದನ್ನು ಮಾತ್ರ ನಾನು ಕಿವಿಗೆ ಹಾಕಿಕೊಂಡೆ. ಇಲ್ಲಿದ್ದು ಕೆಲಸ ಮಾಡಲು ಕೊಟ್ಟ ನನ್ನ ಬ್ಲೂ ಕಾರ್ಡಿನ ಜತೆ ಕೊಟ್ಟ ಹಾಳೆಯಲ್ಲಿ ಈ ಕಚೇರಿಯ ಹೆಸರು ಅಚ್ಚಾಗಿತ್ತು. ಆಗಿನ್ನೂ ವಿದೇಶಿಯರ ಇಲಾಖೆಯನ್ನು ಕೇಳದೆ ಕೆಲಸ ಬದಲಿಸುವಂತಿರಲಿಲ್ಲ. ಒಡತಿಗೆ ನನ್ನ ಮೇಲೆ ಒಂದಿಷ್ಟು ಅಸಮಾಧಾನವಾದರೂ ನಾಳೆಯೇ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂಬ ಹೆದರಿಕೆ ನನಗೆ. ಅವರು ಹಾಗೆ ಒಮ್ಮೆಯೂ ಸೂಚಿಸಿರಲಿಲ್ಲ. ಆ ಹೆದರಿಕೆಯನ್ನು ನಾನೇ ಸಾಕಿಕೊಂಡಿದ್ದೆ.

ಬಸ್ಸಿಳಿದು ಇಪ್ಪತ್ತು ನಿಮಿಷ ನಡೆದು ಆ ಜಾಗಕ್ಕೆ ಹೋದೆ. ಬೇಸಿಗೆಯಿಡೀ ಮಳೆಯಿಲ್ಲದೆ ಸುತ್ತಲಿನ ಹುಲ್ಲೆಲ್ಲ ಹಳದಿಯಾಗಿತ್ತು. ಮೋರಿಯ ಮೇಲ್ಗಡೆಯ ಇಳಿಜಾರಿನಲ್ಲಿ ಮಾತ್ರ ಒಂದು ಪಟ್ಟಿ ಹಸಿರು, ನಡುವೆ ಜೊಂಡು. ಫೋಟೊ ತೆಗೆಯಲು ನಾಲ್ಕು ಹೆಜ್ಜೆ ಒಳಗೆ ಇಟ್ಟದ್ದೇ ತಡ, ಬಲಗಾಲು ಗಿಣ್ಣಿನವರೆಗೆ ಹೂತುಹೋಯಿತು. ಶೂ ಒಳಗೆ ತಣ್ಣನೆಯ ನೀರು ತುಂಬಿತು. ಗದ್ದೆಯ ಬದುವಿನಲ್ಲಿ ಓಡಾಡಿ ಬೆಳೆದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಡಿಯಲ್ಲಿ ಒರತೆಯಿತ್ತು. ಚರಂಡಿ ತೋಡಬೇಕಾದದ್ದು ಸರಿಯಾಗಿ ಅದರ ಮಧ್ಯದಲ್ಲೇ.

ಕಾಲು ಕಿತ್ತುಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ಮಾತಾಡಿಸಿದರು. ಎಪ್ಪತ್ತು ದಾಟಿದ ಹಿರಿಯರು, ರಬ್ಬರ್ ಬೂಟು, ಕೈಯಲ್ಲೊಂದು ಕೋಲು. ಆ ತೊರೆಯನ್ನು ಸ್ವಂತ ಇಚ್ಛೆಯಿಂದ ನೋಡಿಕೊಳ್ಳುವವರು ಎಂದು ಆಮೇಲೆ ಗೊತ್ತಾಯಿತು. ನಾನು ಯಾವ ಕೆಲಸಕ್ಕೆ ಬಂದಿದ್ದೇನೆಂದು ಕುತ್ತಿಗೆಗೆ ಹಾಕಿದ್ದ ಕಾರ್ಡು ನೋಡಿ ತಿಳಿದುಕೊಂಡರು. ಆ ಕಡೆಯ ಆಡುಮಾತಿನಲ್ಲಿ ಹೇಳತೊಡಗಿದರು. "ಒಳ್ಳೆಯದಾಯಿತು ನೀವು ಬಂದದ್ದು. ಇಲ್ಲಿ ಒರತೆ ಇದೆ. ಎಂಥ ಬೇಸಿಗೆಯಲ್ಲೂ ಬತ್ತುವುದಿಲ್ಲ. ಮಾರ್ಚಿನಲ್ಲಿ ಸಾಲಮಾಂಡರ್‌ಗಳು ಬಂದು ಇದರ ಕೆಳಗಿನ ಗುಂಡಿಯಲ್ಲಿ ಮರಿ ಬಿಡುತ್ತವೆ, ಹಲ್ಲಿಯಂಥ ಆಕಾರ, ಕಪ್ಪು ಮೈ, ಹಳದಿ ಮಚ್ಚೆ. ಈ ತೊರೆಯಲ್ಲಿ ಬೇರೆಲ್ಲೂ ಬಿಡುವುದಿಲ್ಲ. ಇದನ್ನು ನೀವು ಬರೆದುಕೊಳ್ಳಬೇಕು."

ಆಡುಮಾತಾದರೂ ಒಂದೊಂದು ಶಬ್ದವೂ ನನಗೆ ತಿಳಿಯಿತು. ಬರೆದುಕೊಂಡರೆ ಅದು ಕಡತಕ್ಕೆ ಹೋಗಬೇಕು. ಕಡತಕ್ಕೆ ಹೋದರೆ, ಹಳೆಯ ನಿಯಮದಲ್ಲಿ ಅಡ್ಡಿಯಿಲ್ಲದಿದ್ದರೂ ಪ್ರಶ್ನೆ ಏಳುತ್ತದೆ, ಮೋರಿಯ ಅರ್ಜಿ ಈ ತಿಂಗಳು ಹೋಗುವುದಿಲ್ಲ.

"ಕ್ಷಮಿಸಿ," ಎಂದೆ, ಬೇಕೆಂದೇ ತಡವರಿಸುತ್ತ. "ನನಗೆ ಜರ್ಮನ್ ಅಷ್ಟು ಅರ್ಥವಾಗುವುದಿಲ್ಲ."

ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟಾಗಲಿಲ್ಲ. ಆಡುಮಾತು ಬಿಟ್ಟು ಪುಸ್ತಕದ ಜರ್ಮನ್‌ನಲ್ಲಿ, ಒಂದೊಂದೇ ಶಬ್ದವಾಗಿ ಮತ್ತೆ ಮೊದಲಿನಿಂದ ಹೇಳಿದರು. ನಾನು ನಗುತ್ತ ತಲೆಯಾಡಿಸಿದೆ. ಆಮೇಲೆ ನನ್ನ ಪ್ಯಾಡು, ಪೆನ್ನು ಕೇಳಿ ತೆಗೆದುಕೊಂಡು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಚಿತ್ರ ಬರೆದರು. ತೊರೆಗೆ ಎರಡು ಗೆರೆ, ಒರತೆಗೆ ಒಂದು ಸೊನ್ನೆ, ಬಾಲ ಇರುವ ನಾಲ್ಕು ಕಾಲಿನ ಪ್ರಾಣಿ, ಅದರ ಬೆನ್ನಿಗೆ ಚುಕ್ಕೆಗಳು. ಕೈ ನಡುಗುತ್ತಿದ್ದುದರಿಂದ ಚುಕ್ಕೆಗಳು ಮೈಯಿಂದ ಹೊರಗೆ ಹೋಗಿದ್ದವು. "ಸರಿಯಾ?" ಎಂದು ಕೇಳಿದರು. "ಸರಿ, ಧನ್ಯವಾದ," ಎಂದೆ.

ಮರುದಿನ ನಮೂನೆ ತುಂಬಿದೆ. ನಕ್ಷೆಯಲ್ಲಿ ಗುರುತಿಸಿದ ಜೌಗು: ಇಲ್ಲ. ಅದು ಸುಳ್ಳಲ್ಲ. ಅದರ ಕೆಳಗೆ ಸ್ಥಳ ನೋಡಿದವರ ಟಿಪ್ಪಣಿಗೆ ಒಂದು ಸಾಲಿನ ಜಾಗವಿತ್ತು. "ಭೇಟಿಯ ವೇಳೆ ನೆಲ ಒಣಗಿತ್ತು" ಎಂದು ಬರೆದೆ. ಹಾಗೆ ಬರೆಯುವಾಗ ನನ್ನ ಬಲಗಾಲಿನ ಶೂ ಮನೆಯಲ್ಲಿ ಹೀಟರಿನ ಮೇಲೆ ಇನ್ನೂ ಒಣಗುತ್ತಿತ್ತು. ಚಿತ್ರವಿದ್ದ ಹಾಳೆಯನ್ನು ಪ್ಯಾಡಿನಿಂದ ಹರಿದು ಕಾಗದದ ಬುಟ್ಟಿಗೆ ಹಾಕಿದೆ. ಒಡತಿ ಆ ಕಡತದ ಅಂಚಿನಲ್ಲಿ ಒಂದೂ ಪ್ರಶ್ನೆ ಹಾಕಲಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಎಂದು ಖುಷಿಪಟ್ಟೆ.

ನವೆಂಬರಿನಲ್ಲಿ ಪೈಪು ಕೂರಿಸಿದರು, ಚರಂಡಿ ತೋಡಿದರು. ಅದೇ ತಿಂಗಳು ನಮ್ಮ ಕನ್ನಡದವರ ದೀಪಾವಳಿ ಕೂಟವಿತ್ತು. ಊಟವಾದ ಮೇಲೆ ಎಲ್ಲರೂ ಜರ್ಮನ್ ಬಾರದ ಫಜೀತಿಗಳನ್ನು ಹೇಳಿಕೊಂಡು ನಗುತ್ತಿದ್ದರು. ರೈಲಿನಲ್ಲಿ ಟಿಕೆಟ್ ಕೇಳಿದಾಗ ಕೈನ್ ಡಾಯ್ಚ್, ಜರ್ಮನ್ ಬರುವುದಿಲ್ಲ, ಎಂದು ತಪ್ಪಿಸಿಕೊಂಡವನ ಕತೆ ಮುಗಿದದ್ದೇ, ನನ್ನ ಗಂಡ, "ನಿಂದು ಹೇಳು ಮಾರಾಯ್ತಿ, ಆ ಅಜ್ಜಂದು," ಎಂದ. ಹೇಳಿದೆ. ಅವರು ಹೇಗೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು, ಹೇಗೆ ಹಲ್ಲಿ ಬರೆದರು ಎಂದೆಲ್ಲ ಅಭಿನಯಿಸಿ ತೋರಿಸಿದೆ. ಕೈ ನಡುಗಿದ್ದನ್ನೂ ಮಾಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಗಳೂರಿನ ಒಬ್ಬ ಹೆಂಗಸು ಮಾತ್ರ, "ಪಾಪ ಅಲ್ವಾ ಅವರು?" ಎಂದರು. ನಾನು ಅವರಿಗೆ ಪಾಯಸ ಬಡಿಸಿ ಮಾತು ಮರೆಸಿದೆ.

ಮಾರ್ಚಿನಲ್ಲಿ ಒಡತಿ ಇನ್ನೊಂದು ಕೆಲಸ ಒಪ್ಪಿಸಿದರು. ಹೊಸ ನಿಯಮದ ಬಗ್ಗೆ ಸುತ್ತಲಿನ ಹಳ್ಳಿಗಳವರಿಗೆ ಪುರಭವನದಲ್ಲಿ ಒಂದು ವಿವರಣೆ. ನಮೂನೆ ಮಾಡಿದವಳು ನಾನೇ ಆದ್ದರಿಂದ ನಾನೇ ಮಾತಾಡಬೇಕು. ಎರಡು ವಾರ ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದೆ. ಮಾತು ಚೆನ್ನಾಗಿ ಬಂತು. ಒಂದು ಕಡೆಯೂ ತಡವರಿಸಲಿಲ್ಲ. "ನಕ್ಷೆಯಲ್ಲಿ ಇಲ್ಲದಿರುವುದು ನೆಲದ ಮೇಲೆ ಇರಬಹುದು. ಅಲ್ಲಿಯವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ," ಎಂದು ಹೇಳುತ್ತಿದ್ದಾಗಲೇ ಮೂರನೆಯ ಸಾಲಿನ ಕೊನೆಯಲ್ಲಿ ಅವರು ಕಂಡರು. ಇವತ್ತು ಕೋಟು ಹಾಕಿದ್ದರು. ಮಡಿಲಿನಲ್ಲಿ ಕೈ ಕಟ್ಟಿಕೊಂಡು ಗಮನವಿಟ್ಟು ಕೇಳುತ್ತಿದ್ದರು. ಇನ್ನೂ ಹತ್ತು ನಿಮಿಷದ ಮಾತು ಬಾಕಿಯಿತ್ತು. ಹೇಗೆ ಮುಗಿಸಿದೆನೋ ತಿಳಿಯದು.

ಜನ ಏಳುವಾಗ ಅವರು ನೇರವಾಗಿ ನನ್ನ ಬಳಿ ಬಂದರು.

"ನಿಮ್ಮ ಜರ್ಮನ್ ತುಂಬ ಚೆನ್ನಾಗಿದೆ," ಎಂದರು. "ಇಷ್ಟು ಬೇಗ."

ಅದು ಚುಚ್ಚುಮಾತೋ, ನಿಜವಾದ ಮೆಚ್ಚುಗೆಯೋ ಅವರ ಮುಖ ನೋಡಿ ತಿಳಿಯಲಿಲ್ಲ. ಅವರು ತಲೆಬಾಗಿ, ಬಾಗಿಲಿನ ಕಡೆ ನಡೆದರು. ಪಕ್ಕದಲ್ಲಿದ್ದ ಒಡತಿ, "ಯಾರವರು? ಪರಿಚಯವೇ?" ಎಂದು ಕೇಳಿದರು. ಇಲ್ಲ ಎಂದೆ. ಅದು ಎರಡನೆಯ ಸುಳ್ಳು.

ಆ ವಾರವಿಡೀ ಮನೆಯಲ್ಲಿ ಅದೇ ಮಾತು. ಗಂಡನಿಗೆ ಹೇಳಿದರೆ, "ಎಂತ ಮಾರಾಯ್ತಿ, ಒಂದು ಪೈಪಿಗೆ ಇಷ್ಟು ಟೆನ್ಷನ್ನಾ? ಕಾನೂನು ಪ್ರಕಾರ ಸರಿ ಇತ್ತಲ್ಲ?" ಎಂದ.

"ಕಾನೂನಿನ ವಿಷಯ ಅಲ್ಲ," ಎಂದೆ. "ನಾನು ಅವರ ಕೈಯಲ್ಲಿ ಚಿತ್ರ ಬರೆಸಿದೆ ಮಾರಾಯ."

ಸೋಮವಾರ ಬೆಳಿಗ್ಗೆ ಒಡತಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೂತ ಕಾಲು, ಒರತೆ, ಹರಿದ ಹಾಳೆ, ಪುರಭವನದಲ್ಲಿ ಇಲ್ಲ ಎಂದದ್ದು. ಅವರು ಪೆನ್ಸಿಲ್ ಕೆಳಗಿಟ್ಟು ಕೇಳಿದರು. ಕೆಲಸದಿಂದ ತೆಗೆಯುತ್ತಾರೆ ಎಂದೇ ಕಾಯುತ್ತಿದ್ದೆ.

"ನೀವು ಆಗಲೇ ಹೇಳಿದ್ದರೆ ನಾನು ಕಡತ ನಿಲ್ಲಿಸುತ್ತಿದ್ದೆ," ಎಂದರು. "ಅಷ್ಟೇ ಅಲ್ಲವೇ ಆಗುತ್ತಿದ್ದುದು? ವಸಂತದವರೆಗೆ ಕಾಯುತ್ತಿದ್ದೆವು. ನನಗೆ ನೀವು ಯಾಕೆ ಅಷ್ಟು ಹೆದರಿದಿರಿ?"

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಆ ದಿನವೇ ಜಲ ಇಲಾಖೆಗೆ ಪತ್ರ ಬರೆಯಲು ಹೇಳಿದರು. ಬರೆದು, ನನ್ನ ಹೆಸರಿನಲ್ಲೇ ಸಹಿ ಹಾಕಿದೆ.

ಆ ಶನಿವಾರ ಹಿರಿಯರ ಮನೆಯ ವಿಳಾಸ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಗುದ್ದಲಿ ತೊಳೆಯುತ್ತಿದ್ದರು. ಬಾಗಿಲಿಗೂ ಹೋಗದೆ, ಬೇಲಿಯ ಹೊರಗೆ ನಿಂತೇ ಹೇಳಿದೆ. "ಅವತ್ತು ನೀವು ಹೇಳಿದ್ದೆಲ್ಲ ನನಗೆ ಅರ್ಥವಾಗಿತ್ತು."

"ಗೊತ್ತು," ಎಂದರು. "ಸರಿಯಾದ ಕಡೆಯೇ ತಲೆಯಾಡಿಸುತ್ತಿದ್ದಿರಿ."

"ಹಾಗಾದರೆ ಚಿತ್ರ ಯಾಕೆ ಬರೆದಿರಿ?"

ಗುದ್ದಲಿಯನ್ನು ಗೋಡೆಗೆ ಒರಗಿಸಿದರು. "ಅಷ್ಟು ಮಾಡಿದರೆ ನೀವು ಮನಸ್ಸು ಬದಲಿಸಬಹುದು ಅಂದುಕೊಂಡೆ."

ಕ್ಷಮೆ ಕೇಳಿದೆ. ಅವರು ಪರವಾಗಿಲ್ಲ ಎನ್ನಲಿಲ್ಲ. ಬೂಟು ಹಾಕಿಕೊಂಡು, "ಬನ್ನಿ, ನೋಡೋಣ," ಎಂದು ತೊರೆಯ ಕಡೆ ಹೊರಟರು. ಚರಂಡಿ ತನ್ನ ಕೆಲಸ ಮಾಡಿತ್ತು. ಇಳಿಜಾರಿನ ಜೊಂಡು ಒಣಗಿ ಬಾಗಿತ್ತು, ನೆಲ ಗಟ್ಟಿಯಾಗಿತ್ತು. ಕೆಳಗಿನ ಗುಂಡಿಯಲ್ಲಿ ಎಲೆಗಳು ಕೊಳೆಯುತ್ತಿದ್ದವು. ಅವರು ಬಗ್ಗಿ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಇದ್ದಲ್ಲೇ ಇಟ್ಟರು. ಒಂದು ಮರಿಯೂ ಇರಲಿಲ್ಲ.

ಬೇಸಿಗೆಯಲ್ಲಿ ಇಲಾಖೆಯವರು ಬಂದು ನೋಡಿದರು. ಚರಂಡಿ ಮುಚ್ಚಬೇಕು, ಪೈಪಿನ ತಳಕ್ಕೆ ಜಲ್ಲಿ ಹಾಸಬೇಕು ಎಂದು ಆದೇಶವಾಯಿತು. ಮುಚ್ಚಿದರು. ಒರತೆ ಹಿಂದಿನ ಜಾಗಕ್ಕೆ ಬರಲಿಲ್ಲ; ಹತ್ತು ಹೆಜ್ಜೆ ಆಚೆ ಸಣ್ಣಗೆ ಜಿನುಗತೊಡಗಿತು. ಅಲ್ಲಿ ಸಾಲಮಾಂಡರ್ ಬರುತ್ತವೆಯೋ ಎಂದು ಕೇಳಿದ್ದಕ್ಕೆ, "ಅವುಗಳನ್ನೇ ಕೇಳಬೇಕು," ಎಂದರು ಹಿರಿಯರು. ಎರಡು ವರ್ಷ ನೋಡಿದೆವು, ಬರಲಿಲ್ಲ. ಮೂರನೆಯ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ನಾನೊಬ್ಬಳೇ ಹೋಗಿ ನೋಡಿ, ಫೋನಿನಲ್ಲಿ ಇಲ್ಲ ಎಂದು ತಿಳಿಸಿದೆ.

ಒಡತಿಗೆ ಎಲ್ಲ ಹೇಳಿದ ಮೇಲೆ ಹೊಸ ನಮೂನೆಯ ಕೊನೆಗೆ ನಾನೊಂದು ಪ್ರಶ್ನೆ ಸೇರಿಸಿದ್ದೆ: ಸ್ಥಳದಲ್ಲಿ ಯಾರೊಂದಿಗೆ ಮಾತಾಡಿದಿರಿ, ಅವರು ಏನು ಹೇಳಿದರು? ನಿಯಮ ಅದನ್ನು ಕೇಳುವುದಿಲ್ಲ. ಒಡತಿ ಅದರ ಪಕ್ಕದಲ್ಲಿ ಪೆನ್ಸಿಲ್ ಆಡಿಸಿ, ಏನೂ ಬರೆಯದೆ ಹಾಗೇ ಬಿಟ್ಟರು. ಈಗ ಕಚೇರಿಗೆ ಸೇರುವ ಹೊಸಬರು ತುಂಬಿ ತರುವ ಹಾಳೆಗಳನ್ನು ನಾನೇ ನೋಡುತ್ತೇನೆ. ಬಹಳಷ್ಟು ಹಾಳೆಗಳಲ್ಲಿ ಆ ಜಾಗದಲ್ಲಿ "ಯಾರೂ ಸಿಗಲಿಲ್ಲ" ಎಂದು ಇರುತ್ತದೆ. ಅದು ನಿಜವೇ ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳಬೇಕು ಎಂದು ಪ್ರತಿಸಲವೂ ಅಂದುಕೊಳ್ಳುತ್ತೇನೆ. ಆದರೆ ಬಾಯಿ ತೆರೆಯುವ ಮೊದಲೇ ಮುಖ ಬಿಸಿಯೇರಿ, ಸಹಿ ಹಾಕಿ ವಾಪಸು ಕೊಟ್ಟುಬಿಡುತ್ತೇನೆ.