ಜೋಳ ನಿಂತಿತ್ತೋ ಇಲ್ಲವೋ

ಮಸ್ಕತ್‌ನಲ್ಲಿ ಭಾನುವಾರ ಶುಕ್ರವಾರ ಬರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಬಂದ ಮೊದಲ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು, ನಮ್ಮ ಕಡೆಯ ಮಸ್ಕಿಯಲ್ಲಿ ಹೊಲಿಸಿ ತಂದ ಬಿಳಿ ಅಂಗಿ ತೊಟ್ಟು, ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಲಸಗಾರರ ಕ್ಯಾಂಪಿನ ಗೇಟಿನ ಹತ್ತಿರ ನಿಂತೆ. ಕೆಲಸಕ್ಕೆ ಒಯ್ಯುವ ಗಾಡಿ ಬಂತು. ಬಲೂಚಿ ಫೋರ್‌ಮನ್ ಕೆಳಗಿಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶಾದಿ ಹೈ ಕ್ಯಾ?" ಎಂದ. ಗಾಡಿ ತುಂಬ ನಗು. ಅದೇ ಅಂಗಿಯಲ್ಲಿ ಇಡೀ ದಿನ ಅರ್ಧ ಕಟ್ಟಿದ ಕಟ್ಟಡದೊಳಗೆ ವೈರು ಎಳೆದೆ. ಸಂಜೆ ಅಂಗಿಗೆ ಸಿಮೆಂಟಿನ ಬಣ್ಣ ಬಂದಿತ್ತು. ಇಲ್ಲಿ ರಜೆ ಶುಕ್ರವಾರ. ಆದ್ದರಿಂದ ಚರ್ಚಿನ ಆರಾಧನೆಯೂ ಶುಕ್ರವಾರ. ದೇವರ ದಿನವನ್ನೂ ಊರಿನ ರಜೆಗೆ ಹೊಂದಿಸಿಕೊಳ್ಳಬೇಕು.

ಇದು ಎಂಬತ್ತರ ದಶಕದ ಮಾತು. ಈ ಬರಹದಲ್ಲಿ ನೆನಪಿನಿಂದ ಬರುವ ಎಲ್ಲವನ್ನೂ ನೀವು ನಂಬಬೇಕಿಲ್ಲ. ನಾನೇ ನಂಬುವುದಿಲ್ಲ. ಆದರೆ ಅಂಗಿಯ ವಿಷಯ ನಿಜ.

ಭಾಷೆಯಲ್ಲಿ ನಾನು ಗೆದ್ದೆ. ನಮ್ಮ ಕಡೆಯ ನಿಜಾಮರ ಕಾಲದ ಉರ್ದು ನನ್ನ ಬಾಯಲ್ಲಿತ್ತು. ಬೇಡ ಅನ್ನಲು ನಾನು "ನಕ್ಕೋ" ಅಂದರೆ ಪಾಕಿಸ್ತಾನದ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಕ್ಕು ಚಹಾ ಕೊಡಿಸುತ್ತಿದ್ದರು. ಊಟದಲ್ಲಿ ಸೋತೆ. ಇಲ್ಲಿಯ ಖುಬೂಸ್, ಅಂದರೆ ಭಟ್ಟಿಯಲ್ಲಿ ಸುಟ್ಟ ಗೋಧಿಯ ರೊಟ್ಟಿ, ಬಿಸಿ ಇದ್ದಾಗ ಹತ್ತಿಯಂತೆ, ಆರಿದ ಮೇಲೆ ಚಪ್ಪಲಿಯಂತೆ. ಕೊನೆಗೆ ಸೂಕ್‌ನ, ಅಂದರೆ ಇಲ್ಲಿಯ ಹಳೆ ಬಜಾರಿನ, ಒಂದು ಕಾಳಿನ ಅಂಗಡಿಯಲ್ಲಿ ಪಾರಿವಾಳಕ್ಕೆ ಹಾಕುವ ಜೋಳ ಸಿಕ್ಕಿತು. ಬೀಸಿಸಿ ತಂದು ರೊಟ್ಟಿ ಬಡಿಯಲು ಕುಳಿತೆ. ಜೊತೆಗಿದ್ದ ಕೇರಳದವನು ಬಾಗಿಲಲ್ಲಿ ಬಂದು ನಿಂತು, "ಯಾರನ್ನ ಹೊಡೀತಿದ್ದೀಯಾ?" ಎಂದು ಕೇಳಿದ. ಮೊದಲ ರೊಟ್ಟಿ ಓಮಾನಿನ ನಕಾಶೆಯಂತಾಯಿತು. ಅದನ್ನು ಶೇಂಗಾ ಚಟ್ನಿಯ ಜೊತೆ ತಿಂದು ನಾನು ಅತ್ತೆ ಎಂದು ಬರೆಯಬಹುದು, ಚೆನ್ನಾಗಿ ಕಾಣುತ್ತದೆ. ಅಳಲಿಲ್ಲ. ಇನ್ನೊಂದು ಬಡಿದೆ.

ಚರ್ಚಿನಲ್ಲಿ ಒಂದೇ ಕಟ್ಟಡವನ್ನು ಹಲವು ಭಾಷೆಯವರು ತಾಸಿನ ಲೆಕ್ಕದಲ್ಲಿ ಹಂಚಿಕೊಂಡಿದ್ದರು. ಮಂಗಳೂರಿನವರ ಹತ್ತಿರ ಹೋಗಿ ಕನ್ನಡ ಮಾತಾಡಿದೆ. ಒಬ್ಬ ಅಮ್ಮ ಬಹಳ ಮರ್ಯಾದೆಯಿಂದ, "ನೀವು ತೆಲುಗಿನವರಾ?" ಎಂದರು. ಸರಿ, ತೆಲುಗಿನವರ ಜೊತೆಗೇ ಹೋದೆ. ಸಿಂಧನೂರಿನ ಸುತ್ತ ಕಾಲುವೆ ನೀರಿಗೆ ಬಂದು ನೆಲೆಸಿದ ಆಂಧ್ರದವರ ಮಾತನ್ನು ಬಸ್ಸಿನಲ್ಲಿ ಅಣಕಿಸುತ್ತ ಬೆಳೆದ ನಾನು ಈಗ ಅದೇ ಭಾಷೆಯಲ್ಲಿ ಪ್ರಾರ್ಥನೆ ಮಾಡತೊಡಗಿದೆ. ಆ ಸಭೆಯ ಹಿರಿಯರು ಜೀವರತ್ನಂ ಗಾರು. ವಾರವೆಲ್ಲ ನೀರಿನ ಟ್ಯಾಂಕರ್ ಓಡಿಸುವವರು, ಶುಕ್ರವಾರ ಪ್ರಸಂಗ ಮಾಡುವವರು.

ಈಗ ಶರಣಬಸವನ ವಿಷಯ. ಅವನಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ, ಅಥವಾ ಅವನನ್ನು ಬಿಡುವುದಕ್ಕಾಗಿ.

ಅವನು ಲಿಂಗಾಯತರ ಹುಡುಗ, ನಾನು ಊರ ಅಂಚಿನ ಕ್ರೈಸ್ತರ ಓಣಿಯವನು. ಶಾಲೆಯಲ್ಲಿ ಒಂದೇ ಮಣೆ. ಅವನ ಮನೆಯಲ್ಲಿ ನನ್ನ ಜಾಗ ಹೊರಗಿನ ಕಟ್ಟೆ. ಅವನೂ ಅಲ್ಲೇ ಬಂದು ಕೂಡುತ್ತಿದ್ದ, ಅದಕ್ಕೆ ನನಗೆ ಅದು ಕಟ್ಟೆ ಅನ್ನಿಸಿರಲಿಲ್ಲ. ಎರಡೂ ಮಂದಿಯಲ್ಲಿ ಸತ್ತವರನ್ನು ಮಣ್ಣಿಗೆ ಕೊಡುತ್ತಾರೆ, ಅವರು ಕೂಡಿಸಿ, ನಾವು ಮಲಗಿಸಿ. ಶರಣಬಸವ, ನನ್ನ ಬಾಯಲ್ಲಿ ಶರಣ್ಯಾ, ಅದನ್ನೇ ಚೇಷ್ಟೆ ಮಾಡುತ್ತಿದ್ದ: "ನೀವು ಸತ್ತ ಮ್ಯಾಲೂ ಮಲಗತೀರಲೇ ದಾನ್ಯಾ. ನಾವು ನೋಡು, ಅಲ್ಲೂ ಕುಂತು ಹೊಲ ಕಾಯ್ತೀವಿ."

ದಾನ್ಯಾ ಅಂದರೆ ನಾನು, ದಾನಿಯೇಲ.

ಹೊಲ ಅಂದನಲ್ಲ. ನಮ್ಮ ಸಮಾಧಿಯ ಜಾಗ ಅವರ ಹೊಲದ ಆಚೆಗಿತ್ತು. ಹೊಲದ ನಡುವೆ ಹಾದರೆ ಹತ್ತಿರ, ಇಲ್ಲವಾದರೆ ಹಳ್ಳಕ್ಕೆ ಇಳಿದು ಸುತ್ತಿ ಹತ್ತಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವ ತೀರಿಕೊಂಡಳು. ಆಗ ಅಲ್ಲಿ ಇನ್ನೂ ಕಾಲುವೆ ನೀರು ಹರಿದಿರಲಿಲ್ಲ, ಒಣ ಬೇಸಾಯ. ನನ್ನ ನೆನಪಿನಲ್ಲಿ ತೆನೆ ತುಂಬಿದ ಜೋಳ ಆಳೆತ್ತರ ನಿಂತಿದೆ. ಶರಣ್ಯಾನ ಅಪ್ಪ ವೀರಭದ್ರಪ್ಪ ಕುಡಗೋಲು ತೆಗೆದುಕೊಂಡು ಪೆಟ್ಟಿಗೆಯಷ್ಟು ಅಗಲ ಜೋಳ ಕೊಯ್ಯುತ್ತ ಮುಂದೆ ಹೋಗುತ್ತಿದ್ದಾರೆ. ಹಿಂದೆ ಅವ್ವನ ಪೆಟ್ಟಿಗೆ. ಮೂಲೆಯೊಂದಕ್ಕೆ ಶರಣ್ಯಾನ ಹೆಗಲು.

ನಾನು ಮಸ್ಕತ್‌ಗೆ ಹೊರಡುವ ಮುಂಚೆ ನಮ್ಮ ಗುಡಿಯಲ್ಲಿ ಬೀಳ್ಕೊಡುಗೆಯ ಪ್ರಾರ್ಥನೆ ಇಟ್ಟರು. ಚರ್ಚಿಗೆ ನಾವು ಗುಡಿ ಎಂದೇ ಅನ್ನುತ್ತೇವೆ. ಅಲ್ಲಿ ಹೊರಡುವವನು ಎದ್ದು ನಿಂತು ಸಾಕ್ಷಿ ಹೇಳಬೇಕು, ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳಬೇಕು. ನಾನು ಆ ಜೋಳದ ದಾರಿಯನ್ನು ಹೇಳಿದೆ. ನಮ್ಮವರಲ್ಲದವರ ಕೈಯಿಂದಲೂ ದೇವರು ದಾರಿ ಮಾಡಿಸುತ್ತಾನೆ ಎಂದೆ. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಶರಣ್ಯಾ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದ. ಸಿಂಧನೂರಿನಲ್ಲಿ ಅಂತ ಅಕ್ಕ ಈಗಲೂ ವಾದಿಸುತ್ತಾಳೆ. ಎಲ್ಲಾದರೂ ಇರಲಿ, ಮಾತು ಇದು: "ನಿಮ್ಮಪ್ಪನ ಚಿಂತಿ ಬಿಡು. ನಾ ಅದೀನಿ. ನೀ ಬರಾಕ ಆಗಲಿಲ್ಲಂದ್ರ ನಿನ್ನ ಜಾಗಾದಾಗ ನನ್ನ ಹೆಗಲು ಇರತದ."

ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಕಂಪನಿಯ ಆಫೀಸಿಗೆ ಫೋನ್ ಬಂತು. ಲಿಂಗಸುಗೂರಿಗೆ ಕೊಟ್ಟ ನನ್ನ ಅಕ್ಕ ಮಾರ್ತಮ್ಮ. ಆಕೆ ಮಾತಾಡುವ ಹೊತ್ತಿಗೆ ಅಪ್ಪನನ್ನು ಮಣ್ಣು ಮಾಡಿ ಆಗಿತ್ತು.

"ಶರಣ್ಯಾ ಇದ್ದನಾ?" ಇದು ನಾನು ಕೇಳಿದ ಮೊದಲ ಪ್ರಶ್ನೆ. ಅಪ್ಪ ಹೇಗೆ ಹೋದ ಎಂದು ಕೇಳಲಿಲ್ಲ.

"ಇದ್ದ. ಬದುವಿನ ಮ್ಯಾಗ ನಿಂತಿದ್ದ."

ಹೊಲಕ್ಕೆ ಈಗ ಕಾಲುವೆ ನೀರು ಬಂದಿತ್ತು, ಜೋಳದ ಜಾಗದಲ್ಲಿ ನೆಲ್ಲು. ದಾರಿ ಇದ್ದಲ್ಲಿ ಜಾಲಿಮುಳ್ಳಿನ ಬೇಲಿ. ಪೆಟ್ಟಿಗೆ ಅಲ್ಲಿಗೆ ಬಂದಾಗ ಶರಣ್ಯಾ ಅಡ್ಡ ನಿಂತು, "ಸಸಿ ಹಚ್ಚೀವಿ, ನೀರು ನಿಂತದ. ಸುತ್ತ ಹಾಕ್ಕೊಂಡು ಹೋಗ್ರಿ" ಅಂದನಂತೆ. ಹಳ್ಳಕ್ಕೆ ಇಳಿದರು. ಪಾಸ್ಟರು ನಿಲುವಂಗಿ ಎತ್ತಿ ಹಿಡಿದಿದ್ದರು. ಕಲ್ಲಿನ ಮೇಲೆ ಒಬ್ಬನ ಕಾಲು ಜಾರಿ ಪೆಟ್ಟಿಗೆ ವಾಲಿತು.

"ಅಪ್ಪನ ತಲಿ ಹಲಗಿಗಿ ಬಡದದ್ದು ನನಗ ಕೇಳಿಸ್ತೋ ತಮ್ಮಾ," ಎಂದಳು ಅಕ್ಕ. ಲೈನು ಕಡಿಯಿತು.

ಆ ಸದ್ದನ್ನು ನಾನು ಕೇಳಿಲ್ಲ. ಆದರೂ ಏಣಿಯ ಮೇಲೆ ನಿಂತು ಹಲಗೆಗೆ ಮೊಳೆ ಹೊಡೆಯುವಾಗಲೆಲ್ಲ ಅದು ಕೇಳುತ್ತಿತ್ತು.

ಜೀವರತ್ನಂ ಗಾರು ನನ್ನ ಮುಖ ನೋಡಿ ವಿಷಯ ತಿಳಿದುಕೊಂಡರು. "ನೀನು ಸಾಕ್ಷಿ ಹೇಳು, ಹಗುರಾಗುತ್ತೆ," ಎಂದರು. ಶುಕ್ರವಾರ ಎದ್ದು ನಿಂತೆ. ತೊಡರುವ ತೆಲುಗಿನಲ್ಲಿ ಹೇಳತೊಡಗಿದೆ: ಜೋಳ ಕೊಯ್ದು ದಾರಿ ಕೊಟ್ಟ ಅಪ್ಪ, ಮುಳ್ಳು ಹಾಕಿ ದಾರಿ ಮುಚ್ಚಿದ ಮಗ. ಕಥೆ ಎಷ್ಟು ಚೆನ್ನಾಗಿ ಕೂತಿತೆಂದರೆ ಜನ "ಸ್ತೋತ್ರಂ" ಎಂದು ಕೂಗಿದರು. ಬೆಳಕು ಕತ್ತಲೆ ಒಂದೇ ಚಾಪೆಯ ಮೇಲೆ ಕೂರುವುದಿಲ್ಲ, ದೇವರೇ ನಿನ್ನನ್ನು ಆ ಹಳೆಯ ಗೆಳೆತನದಿಂದ ಬೇರ್ಪಡಿಸಿದ, ಎಂದು ಜೀವರತ್ನಂ ಗಾರು ನನ್ನ ತಲೆಯ ಮೇಲೆ ಕೈ ಇಟ್ಟರು. ಎದೆ ಬೆಚ್ಚಗಾಯಿತು. ಕೋಣೆಗೆ ಬಂದು ಅಂಗಿ ಕಳಚುವಾಗ ಮಾತ್ರ ಮೈ ಮುಳ್ಳೆದ್ದಿತು. ನನ್ನ ಸಿಟ್ಟು ಸಿಟ್ಟಾಗಿಯೇ ಇತ್ತು, ಅದಕ್ಕೆ ದೇವರ ಹೆಸರಿನ ಬಿಳಿ ಅಂಗಿ ತೊಡಿಸಿದ್ದರು ಅಷ್ಟೆ. ಅವನನ್ನು ಬಿಡುವುದಾದರೆ ನಾನೇ ಬಿಡಬೇಕು. ಕತ್ತಲೆ ಎಂದು ಕರೆದು ಬಿಡುವುದು ಸುಲಭ. ಶರಣ್ಯಾ ಕತ್ತಲೆ ಅಲ್ಲ, ಶರಣ್ಯಾ. ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕಿತ್ತು.

ರಜೆ ಸಿಕ್ಕಾಗ ಊರಿಗೆ ಹೋದೆ. ಮಸ್ಕಿಯ ಬಜಾರು ಉದ್ದವಾಗಿತ್ತು, ಗೊಬ್ಬರದ ಅಂಗಡಿಗಳು ಬಂದಿದ್ದವು. ನೇರ ಹೊಲಕ್ಕೆ ಹೋದೆ. ಶರಣ್ಯಾ ಲುಂಗಿ ಎತ್ತಿ ಕಟ್ಟಿ ಮಡಿಗೆ ನೀರು ತಿರುಗಿಸುತ್ತಿದ್ದ.

"ಬಾರಲೇ ದಾನ್ಯಾ! ಸಾಹೇಬ ಆಗ್ಯಾನಲ್ಲಪ್ಪ! ಯಾವಾಗ ಬಂದಿ?"

"ಅಪ್ಪನ ಮಣ್ಣಿಗೆ ಬರಾಕ ಆಗಲಿಲ್ಲ. ಈಗ ಬಂದೀನಿ."

ಅವನು ಸಲಿಕೆಯನ್ನು ಕೆಸರಿಗೆ ಊರಿದ.

"ಮಾತು ಕೊಟ್ಟಿದ್ದಿ, ಶರಣ್ಯಾ."

"ಹೆಗಲಿಗಿ ಕೊಟ್ಟಿದ್ದೆ. ಹೊಲಕ್ಕ ಕೊಟ್ಟಿರಲಿಲ್ಲ."

"ಹೆಗಲರ ಎಲ್ಲಿತ್ತು ಅವತ್ತು?"

"ಈ ಕಡಿ ಬೇಲಿ ಹಾಕಿ ಆ ಕಡಿ ಬಂದು ಹೆಗಲು ಕೊಡ್ಲ್ಯಾ? ಮಂದಿ ಏನಂತಿದ್ರು?" ಆಮೇಲೆ ಅವನ ದನಿ ಏರಿತು. "ಎಲ್ಲಾ ನೀ ಮಾಡಿದ್ದು ಲೇ. ಹೋಗೋ ಮುಂದ ನಿಮ್ಮ ಗುಡ್ಯಾಗ ನಿಂತು ಏನಂದಿ? ವೀರಭದ್ರಪ್ಪ ನಿಂತ ಜೋಳ ಕೊಯ್ದು ದಾರಿ ಬಿಟ್ಟ ಅಂದಿ. ಮರುದಿನದಿಂದ ನಿಮ್ಮ ಓಣಿ ಮಂದಿ ಬಾಯಾಗೆಲ್ಲ ಒಂದ ಮಾತು, 'ಆ ಹೊಲದಾಗ ನಮಗ ದಾರಿ ಅದ.' ನಮ್ಮಣ್ಣ ಚಾದಂಗಡ್ಯಾಗ ಕೇಳಿ ಬಂದ. ಒಂದು ಹೆಣಕ್ಕ ಬೆಳಿ ಕೊಯ್ದು ಬಿಟ್ಟೀವಿ ಅಂದಮ್ಯಾಲ ನಾಳೆ ಯಾವ ಕೋರ್ಟಿನ್ಯಾಗ ಇಲ್ಲ ಅಂತ ಹೇಳೂಣು? ಅವತ್ತ ಮುಳ್ಳು ತಂದು ಹಾಕಿದ."

"ನಾ ನಿಮ್ಮಪ್ಪನ್ನ ಹೊಗಳಿದ್ದೆ."

"ನಿಮ್ಮ ಮಂದಿಗಿ ಅದು ಹೊಗಳಿಕಿ. ನಮಗ ಅದು ದಾವೆ." ಅವನು ಕೆಸರಿನಿಂದ ಸಲಿಕೆ ಕಿತ್ತು ಮತ್ತೆ ಅಂದ: "ಅದರಾಗ ಸುಳ್ಳು ಬ್ಯಾರೆ. ಜೋಳ ಎಲ್ಲಿ ನಿಂತಿತ್ತು? ಸುಗ್ಗಿ ಮುಗದಿತ್ತು. ಬರೇ ಕೂಳಿ ಇದ್ವು. ಖಾಲಿ ಹೊಲದಾಗ ಯಾರು ಬೇಕಾದ್ರೂ ಹೋಗ್ತಾರ. ಅಪ್ಪ ಅವತ್ತು ಊರಾಗ ಇರಲಿಲ್ಲ. ಗುರುಗುಂಟಾಕ್ಕ ಎತ್ತು ನೋಡಾಕ ಹೋಗಿದ್ದ."

ನಾನು ಸಮಾಧಿಯ ಕಡೆ ಹೊರಟೆ. ಅವನು ಓಡಿ ಬಂದು ಬೇಲಿಯ ಒಂದು ಜಾಲಿಕೊಂಬೆಯನ್ನು ಕಾಲಿನಿಂದ ಸರಿಸಿ ಹಿಡಿದ. "ಒಬ್ಬನ ಇದ್ದಿ, ಹಿಂಗ ಹೋಗಲೇ. ಜೀವ ಇದ್ದಾವಗ ಯಾರು ಬ್ಯಾಡಂತಾರ?"

ಅದರಲ್ಲಿ ಪ್ರೀತಿ ಇತ್ತು. ಅದೇ ಕಷ್ಟ. ನಾನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹಳ್ಳಕ್ಕೆ ಇಳಿದೆ. ನೀರು ಮೊಣಕಾಲಿಗೆ ಬಂತು. ಹಿಂದಿನಿಂದ ಅವನು, "ಹುಚ್ಚ ಆಗಬ್ಯಾಡಲೇ!" ಎಂದು ಒದರುತ್ತಿದ್ದ. ಕಲ್ಲುಗಳು ಜಾರುತ್ತಿದ್ದವು. ಅವತ್ತು ಕಾಲು ಜಾರಿದ ಕಲ್ಲು ಇವುಗಳಲ್ಲಿ ಯಾವುದು ಎಂದು ನೋಡುತ್ತ ದಾಟಿದೆ.

ಅಕ್ಕನನ್ನು ಕೇಳಿದೆ: ಅವ್ವನ ಮಣ್ಣಿನ ದಿನ ಜೋಳ ನಿಂತಿತ್ತೋ ಇಲ್ಲವೋ? ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಯೋಚಿಸಿದಳು. "ಜೋಳ ನೆನಪಿಲ್ಲ. ಅಂಗಾಲಿಗಿ ಕೂಳಿ ಚುಚ್ಚಿದ್ದು ನೆನಪದ."

ಸುಗ್ಗಿ ಮುಗಿದ ಹೊಲದ ಕೂಳೆ ಚುಚ್ಚುತ್ತದೆ. ಆಗ ತಾನೇ ಕೊಯ್ದ ದಂಟಿನ ಕೂಳೆಯೂ ಚುಚ್ಚುತ್ತದೆ. ವೀರಭದ್ರಪ್ಪನವರು ಬದುಕಿಲ್ಲ. ಇನ್ನು ಕೇಳಲು ಯಾರೂ ಇಲ್ಲ.

ನಾನು ಸುಳ್ಳು ಹೇಳಿದ್ದೆನಾದರೆ ಅದು ಪ್ರೀತಿಯಿಂದ ಆದ ಸುಳ್ಳು. ಅದನ್ನು ತನ್ನ ಮೇಲಿನ ದಾವೆ ಎಂದು ಕೇಳಿಸಿಕೊಂಡವನನ್ನು ನಾನು ಗೆಳೆಯ ಎಂದು ಹೇಗೆ ಕರೆಯಲಿ? ಅವನು ಒಂದು ಸಲ ನನಗೆ ಕಾಗದ ಬರೆದು ಕೇಳಬಹುದಿತ್ತು. ಅವನ ಕಡೆಯಿಂದ ನೋಡಿದರೆ, ನನ್ನ ನೆನಪು ಅವನ ಹೊಲದಲ್ಲಿ ಹಾದು ಹೋಗುತ್ತಿತ್ತು. ಹೀಗೆ ಅವನ ಕಡೆಯಿಂದಲೂ ನೋಡಬಲ್ಲೆ. ನೋಡಿದರೂ ಆ ಹಲಗೆಯ ಸದ್ದು ನಿಲ್ಲುವುದಿಲ್ಲ.

ಮುಂದೆ ಸಿಂಧನೂರಿನ ಒಬ್ಬ ಕೆಲಸಕ್ಕೆ ಮಸ್ಕತ್‌ಗೆ ಬಂದ. ಶರಣ್ಯಾ ಅವನ ಕೈಯಲ್ಲಿ ಹೇಳಿ ಕಳಿಸಿದ್ದ: ಈ ಸಲ ಬರುವಾಗ ಒಂದು ಟೇಪ್‌ರೆಕಾರ್ಡರ್ ತರಲಿ, ಎರಡು ಕ್ಯಾಸೆಟ್ಟಿನದು. ಏನೂ ಆಗಿಲ್ಲ ಎನ್ನುವಂತೆ. ಅದು ಅವನ ರಾಜಿಯ ರೀತಿ ಎಂದು ನನಗೆ ಗೊತ್ತು. ನಮ್ಮ ಕಡೆ ಯಾರೂ ತಪ್ಪಾಯಿತು ಅನ್ನುವುದಿಲ್ಲ, ಏನಾದರೂ ಬೇಡುತ್ತಾರೆ. ನಾನು ತರಲಿಲ್ಲ. ಮುಂದಿನ ರಜೆಯಲ್ಲಿ ಮಸ್ಕಿಯಲ್ಲಿ ಇಳಿಯದೆ ಲಿಂಗಸುಗೂರಿಗೆ ಅಕ್ಕನ ಮನೆಗೆ ಹೋಗಿ, ಅಲ್ಲಿಂದಲೇ ವಾಪಸ್ ಬಂದೆ. ಗೆಳೆತನ ಬಿಟ್ಟದ್ದು ಹೀಗೆ, ಒಂದು ಬಸ್‌ಸ್ಟಾಪಿನಲ್ಲಿ ಇಳಿಯದೆ. ಬಿಟ್ಟೆ ಎಂದರೆ ಹೋಯಿತು ಎಂದಲ್ಲ. ಜೀವರತ್ನಂ ಗಾರು ಆ ಸಾಕ್ಷಿಯನ್ನು ಮತ್ತೆ ಹೇಳು ಎಂದು ಎಷ್ಟೋ ಸಲ ಕೇಳಿದ್ದಾರೆ. ನಾನು ಎದ್ದು ಹಾಡು ಹೇಳಿ ಕೂಡುತ್ತೇನೆ.

ಇಲ್ಲಿ ನಮ್ಮ ಕೋಣೆಗೂ ಚರ್ಚಿಗೂ ನಡುವೆ ಒಂದು ಖಾಲಿ ಜಾಗ ಇತ್ತು. ಬರೇ ಕಲ್ಲು, ಧೂಳು. ಬಂದಾಗಿನಿಂದ ಅದನ್ನು ಮೂಲೆಯಿಂದ ಮೂಲೆಗೆ ಹಾದು ಹೋಗುತ್ತಿದ್ದೆ. ನನ್ನಂಥವರ ಕಾಲು ಬಿದ್ದು ಬಿದ್ದು ಅಲ್ಲಿ ಬಿಳಿ ಗೆರೆಯಂಥ ದಾರಿ ಮೂಡಿತ್ತು. ಕಳೆದ ಶುಕ್ರವಾರ ಅಲ್ಲಿ ತಗಡಿನ ಬೇಲಿ ಎದ್ದಿತ್ತು, ಕಟ್ಟಡ ಬರಲಿದೆ. ನಾನು ಬೈಬಲ್ ಹಿಡಿದುಕೊಂಡು ತಗಡಿಗೆ ಕೈಯಿಂದ ಬಡಿದು, "ಯಾರಪ್ಪಂದಲೇ ಇದು, ದಾರಿ ಮುಚ್ಚಾಕ?" ಎಂದು ಕೂಗಿದೆ. ಮಸ್ಕಿಯ ಕನ್ನಡದಲ್ಲಿ, ಮಸ್ಕತ್‌ನ ಬಿಸಿಲಿನಲ್ಲಿ. ಒಳಗಿನ ಕಾವಲುಗಾರ ಇಣುಕಿ ನೋಡಿ ಮತ್ತೆ ನೆರಳಿಗೆ ಹೋದ. ಸುತ್ತು ಹಾಕಿಕೊಂಡು ಹೋದೆ. ಮೊದಲ ಹಾಡು ಮುಗಿದಿತ್ತು.

ಬಾಗಿಲಲ್ಲಿ ಜೀವರತ್ನಂ ಗಾರು ಯಾಕೆ ತಡ ಎಂದರು. ದಾರಿ ಮುಚ್ಚಿದ್ದಾರೆ ಎಂದೆ, ಕೈ ಮಾಡಿ ತೋರಿಸಿದೆ. ಅವರು ಆ ಕಡೆ ನೋಡಿದರು, ನನ್ನನ್ನು ನೋಡಿದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಅಕ್ಕಡ ದಾರಿ ಎಪ್ಪುಡುಂದಯ್ಯಾ?"

ಅಲ್ಲಿ ದಾರಿ ಯಾವಾಗ ಇತ್ತಪ್ಪಾ, ಎಂದು ಕೇಳಿದರು.